ಆ ಜಾತಕ ವಾಪಸ್ ಕಳಿಸಬೇಡಿ, ಅಪ್ಪಯ್ಯ

ಸ್ಟಟ್‌ಗಾರ್ಟ್, ಜರ್ಮನಿ
23 ನವೆಂಬರ್ 2025, ಭಾನುವಾರ

ಅಪ್ಪಯ್ಯ, ಅಮ್ಮ, ಇಬ್ಬರಿಗೂ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ.

ನಿಮ್ಮ ಕಾಗದದ ನಾಲ್ಕೂ ಪುಟಗಳ ಫೋಟೋ ತೆಗೆದು ಸಹನಾ ಬುಧವಾರ ವಾಟ್ಸಾಪಿನಲ್ಲಿ ಹಾಕಿದಳು. ಮೂರನೇ ಪುಟದ ಕೆಳಭಾಗ ಕಪ್ಪಾಗಿ ಬಂದಿತ್ತು. ಇನ್ನೊಂದು ಸಲ ತೆಗೆದು ಕಳಿಸು ಅಂದರೆ "ಅಲ್ಲಿ ಬರೀ ಅಡಿಕೆ ರೇಟು ಇರೋದು ಅಕ್ಕ" ಅಂದಳು. ನನಗೆ ಅಡಿಕೆ ರೇಟೂ ಬೇಕು ಅಂತ ಅವಳಿಗೆ ಹೇಳಿ. ಅಡಿಕೆಯನ್ನು ಕೊಳೆರೋಗ ಈ ಸಲ ಎಷ್ಟು ತಿಂತು ಅಂತ ನೀವು ಬರೆದಿಲ್ಲ. ಮೂರು ಸಲ ಬೋರ್ಡೋ ಔಷಧಿ ಹೊಡೆಸಿದೆ ಅಂತ ಮಾತ್ರ ಬರೆದಿದ್ದೀರಿ. ಅಷ್ಟರಲ್ಲೇ ನನಗೆ ಅರ್ಥವಾಯಿತು.

ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು "ಏನೂ ಆಗಲ್ಲ ಅಪ್ಪಯ್ಯ" ಅಂತೇನೆ, ನೀವು "ಹ್ಞೂಂ, ಸರಿ" ಅಂತೀರಿ, ಅಷ್ಟರಲ್ಲಿ ಅಮ್ಮ ಫೋನ್ ತಗೊಂಡು ಇಳಾ ಊಟ ಮಾಡಿದಳಾ ಅಂತ ಶುರುಮಾಡುತ್ತಾಳೆ. ಸಾಗರದ ಹುಡುಗಿಯೊಬ್ಬಳು ನಾಳೆ ಊರಿಗೆ ಹೊರಟಿದ್ದಾಳೆ. ಸಂಜೆ ಬಂದು ಪೊಟ್ಟಣ ತಗೊಂಡು ಹೋಗುತ್ತೇನೆ ಅಂದಿದ್ದಾಳೆ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು.

ನೀವು ಕೇಳಿದ್ದು ಎರಡೇ ಪ್ರಶ್ನೆ. ಕೊಪ್ಪದ ಕಡೆಯ ಹುಡುಗನ ಜಾತಕ ಸಹನಾಳಿಗೆ ಕೂಡಿಬಂದಿದೆ, ಮನೆತನವೂ ಒಳ್ಳೆಯದು, ಆದರೆ ಹುಡುಗ ಸಾಫ್ಟ್‌ವೇರು. ಇನ್ನೈದು ವರ್ಷಕ್ಕೆ ಆ ಕೆಲಸವನ್ನೆಲ್ಲ ಎಐ ಮಾಡುತ್ತದಂತೆ, ಹಾಗಿದ್ದ ಮೇಲೆ ಹೆಣ್ಣು ಕೊಡುವುದು ಹೇಗೆ ಅಂತ ಒಂದು. ಕೊನೆಯ ಪುಟದಲ್ಲಿ ಕೆಂಪು ಇಂಕಿನಲ್ಲಿ, "ನಿನ್ನ ಕೆಲಸ ಹೇಗಿದೆ? ನಿಜ ಬರಿ" ಅಂತ ಇನ್ನೊಂದು. ಆ ಎರಡನೇ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಜವನ್ನೇ ಬರೆಯುತ್ತೇನೆ. ಆದರೆ ಮೊದಲು ಹುಡುಗನ ವಿಷಯ.

ಸೀನಣ್ಣನಿಗೆ ಎಂಟು ಎಕರೆ ತೋಟ, ಹೆಂಚಿನ ದೊಡ್ಡ ಮನೆ, ಒಂದು ದುರಭ್ಯಾಸ ಇಲ್ಲ. ಆದರೂ ನಲವತ್ತು ದಾಟುವವರೆಗೆ ಹೆಣ್ಣು ಸಿಗಲಿಲ್ಲ. ಹೋದ ಕಡೆಯೆಲ್ಲ "ಹುಡುಗ ಬೆಂಗಳೂರಲ್ಲಿ ಇಲ್ಲವಾ?" ಅಂತ ಕೇಳಿ ಕಾಫಿ ಕೊಟ್ಟು ಕಳಿಸಿದರು. ನಮ್ಮ ಸೀಮೆಯಲ್ಲಿ ತೋಟ ನೋಡಿಕೊಂಡು ಮನೆಯಲ್ಲೇ ಉಳಿದ ಎಷ್ಟು ಹುಡುಗರಿಗೆ ಹೀಗಾಯಿತು! ಈಗ ನಾಲ್ಕು ಪೇಪರ್ ಕಟಿಂಗ್ ಓದಿ ಸಾಫ್ಟ್‌ವೇರ್ ಹುಡುಗನ ಜಾತಕ ವಾಪಸ್ ಕಳಿಸಿದರೆ ನಾವೂ ಅವನಿಗೆ ಅದನ್ನೇ ಮಾಡಿದಂತೆ ಆಗುತ್ತದೆ. ಅವತ್ತು ಸೀನಣ್ಣನ ಪರವಾಗಿ ಹೆಚ್ಚು ಬೇಜಾರು ಮಾಡಿಕೊಂಡವರು ನೀವೇ ಅಲ್ಲವಾ?

ಚಿಕ್ಕಪ್ಪ ತಂದುಕೊಟ್ಟ ಕಟಿಂಗುಗಳ ವಿಷಯ ಸುಳ್ಳಲ್ಲ. ಟಿಸಿಎಸ್‌ನವರು ಜುಲೈನಲ್ಲಿ ಸುಮಾರು 12,000 ಜನರನ್ನು, ಅಂದರೆ ತಮ್ಮ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟನ್ನು, ಕಡಿಮೆ ಮಾಡುತ್ತೇವೆ ಅಂದಿದ್ದು ನಿಜ. ಅದು ಎಐ ಕಾರಣಕ್ಕಲ್ಲ, ಇರುವ ಜನರ ಕೌಶಲಕ್ಕೂ ಬೇಕಾದ ಕೆಲಸಕ್ಕೂ ಹೊಂದಾಣಿಕೆ ಆಗುತ್ತಿಲ್ಲ ಅಂತ ಅವರೇ ಹೇಳಿದರು. ಆ ಸಾಲು ಕಟಿಂಗಿನಲ್ಲಿ ಇದೆಯೋ ಇಲ್ಲವೋ. ಐದು ವರ್ಷ ಅನ್ನುವ ಲೆಕ್ಕ ಬಂದಿದ್ದು ಬಹುಶಃ ಡೇರಿಯೊ ಅಮೊಡೈ ಅನ್ನುವವರ ಮಾತಿನಿಂದ. ಆಂಥ್ರೊಪಿಕ್ ಅಂತ ಎಐ ತಯಾರಿಸುವ ಕಂಪನಿಯೊಂದಿದೆ, ಅದರ ಮುಖ್ಯಸ್ಥರು. ಒಂದರಿಂದ ಐದು ವರ್ಷದೊಳಗೆ ಆಫೀಸು ಕೆಲಸಗಳಲ್ಲಿ ಹೊಸದಾಗಿ ಸೇರುವವರ ಅರ್ಧದಷ್ಟು ಕೆಲಸ ಹೋಗಬಹುದು ಅಂತ ಈ ಮೇ ತಿಂಗಳಲ್ಲಿ ಹೇಳಿದರು. "ಹೋಗಬಹುದು" ಅಂದರು, "ಹೊಸದಾಗಿ ಸೇರುವವರ" ಅಂದರು. ಶೃಂಗೇರಿ ಬಸ್ಸಿನಲ್ಲಿ ಆ ಮಾತು ಊರು ತಲುಪುವಷ್ಟರಲ್ಲಿ ಎಲ್ಲರ ಕೆಲಸವೂ ಹೋಗುತ್ತದೆ ಅಂತ ಆಗಿರುತ್ತದೆ.

ಹೀಗೆ ಗಡುವು ಹಾಕಿದವರು ಹಿಂದೆಯೂ ಇದ್ದರು. 2013ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಪಂಡಿತರು, ಅಮೆರಿಕದ ಕೆಲಸಗಳಲ್ಲಿ ಶೇಕಡಾ 47ರಷ್ಟಕ್ಕೆ ಒಂದೆರಡು ದಶಕದಲ್ಲಿ ಕಂಪ್ಯೂಟರಿನಿಂದ ಹೆಚ್ಚಿನ ಅಪಾಯ ಇದೆ ಅಂತ ಲೆಕ್ಕ ಹಾಕಿದರು. ಹನ್ನೆರಡು ವರ್ಷ ಆಯಿತು, ಅದರ ಹತ್ತಿರಕ್ಕೂ ಹೋಗಿಲ್ಲ. 2016ರಲ್ಲಿ ಜೆಫ್ರಿ ಹಿಂಟನ್, ಕಳೆದ ವರ್ಷ ಭೌತಶಾಸ್ತ್ರದ ನೊಬೆಲ್ ಬಂತಲ್ಲ ಅವರೇ, ಎಕ್ಸ್‌ರೇ, ಸ್ಕ್ಯಾನ್ ಓದುವ ಡಾಕ್ಟರುಗಳನ್ನು ಇನ್ನು ತಯಾರು ಮಾಡುವುದು ನಿಲ್ಲಿಸಿ, ಐದು ವರ್ಷದಲ್ಲಿ, ಹೆಚ್ಚೆಂದರೆ ಹತ್ತರಲ್ಲಿ, ಮಿಷನ್ನೇ ಅವರಿಗಿಂತ ಚೆನ್ನಾಗಿ ಓದುತ್ತದೆ ಅಂದರು. ಅಮ್ಮನ ಎಂಆರ್‌ಐ ರಿಪೋರ್ಟಿಗೆ ನೀವು ಈ ವರ್ಷವೂ ಒಬ್ಬ ಡಾಕ್ಟರ ಸಹಿಗೆ ಕಾದಿರಿ. ಅಷ್ಟು ತಿಳಿದವರೇ ವೇಗದ ಲೆಕ್ಕದಲ್ಲಿ ತಪ್ಪಿದ್ದಾರೆ.

ಹಾಗಂತ ಹೆದರಬೇಕಾದದ್ದು ಏನೂ ಇಲ್ಲ ಅಂತ ನಾನು ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. ಬರುವ ಭಾನುವಾರಕ್ಕೆ ಚಾಟ್‌ಜಿಪಿಟಿ ಹೊರಬಂದು ಸರಿಯಾಗಿ ಮೂರು ವರ್ಷ, 2022ರ ನವೆಂಬರ್ 30. ಮೊದಲು ಅದು ಒಂದು ಪ್ಯಾರಾ ಬರೆದುಕೊಡುತ್ತಿತ್ತು. ಈಗ ನಾನು ಒಂದು ವಾರ ಕೂತು ಬರೆಯುತ್ತಿದ್ದ ಮಿಷನ್ ಕೈಪಿಡಿಯ ಕರಡನ್ನು ಒಂದು ಗಂಟೆಯಲ್ಲಿ ಮುಂದಿಡುತ್ತದೆ. ಅಮೆರಿಕದ ಮೆಟರ್ ಅನ್ನುವ ಸಂಸ್ಥೆ ಇದನ್ನು ಅಳೆದು ನೋಡಿದೆ. ಮನುಷ್ಯರಿಗೆ ಇಂತಿಷ್ಟು ಹೊತ್ತು ಹಿಡಿಯುವ ಸಾಫ್ಟ್‌ವೇರ್ ಕೆಲಸ ಅಂತ ಲೆಕ್ಕ ಇಟ್ಟುಕೊಂಡರೆ, ಎಐ ತಾನೇ ಮಾಡಿ ಮುಗಿಸಬಲ್ಲ ಕೆಲಸದ ಉದ್ದ ಸುಮಾರು ಏಳು ತಿಂಗಳಿಗೊಮ್ಮೆ ಎರಡರಷ್ಟಾಗುತ್ತಿದೆಯಂತೆ. ಬಡ್ಡಿ ಲೆಕ್ಕ ಹಾಕಿದ ಕೈ ನಿಮ್ಮದು. ಏಳು ತಿಂಗಳಿಗೆ ದುಪ್ಪಟ್ಟು ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಸಂಸ್ಥೆ ಈ ವರ್ಷ ಇನ್ನೊಂದು ಪರೀಕ್ಷೆ ಮಾಡಿತು. ಪಳಗಿದ 16 ಜನ ಪ್ರೋಗ್ರಾಮರುಗಳಿಗೆ ಅವರದೇ ಕೆಲಸ ಕೊಟ್ಟು ನೋಡಿದರೆ, ಎಐ ಹಿಡಿದುಕೊಂಡು ಮಾಡಿದಾಗ ಶೇಕಡಾ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು. ಅವರು ಮಾತ್ರ ತಮಗೆ ಬೇಗ ಆಯಿತು ಅಂತಲೇ ತಿಳಿದಿದ್ದರು! ಎರಡೂ ನಿಜ. ಅದಕ್ಕೇ ಯಾರಾದರೂ ಬಂದು ಇಷ್ಟೇ ವರ್ಷ ಅಂತ ಖಂಡಿತವಾಗಿ ಹೇಳಿದರೆ ನಂಬಬೇಡಿ, ನಾನೇ ಹೇಳಿದರೂ ನಂಬಬೇಡಿ.

ನೀವು ಬ್ಯಾಂಕಿನ ಕೆಲಸದಲ್ಲಿ ಇದನ್ನೆಲ್ಲ ಒಮ್ಮೆ ಕಂಡವರು, ಅಪ್ಪಯ್ಯ. ನಿಮ್ಮ ಕಾಗದದಲ್ಲಿ ಅದರ ಒಂದು ಮಾತೂ ಇಲ್ಲದ್ದು ನನಗೆ ಆಶ್ಚರ್ಯ. ಜೂನ್, ಡಿಸೆಂಬರ್ ಕೊನೆಗೆ ಉಳಿತಾಯ ಖಾತೆಗಳ ಬಡ್ಡಿ ಹಾಕುವ ರಾತ್ರಿಗಳು ನನಗೆ ಚೆನ್ನಾಗಿ ನೆನಪಿವೆ. ಅಮ್ಮ ಅನ್ನ ಮುಚ್ಚಿಟ್ಟು ಜಗಲಿಯಲ್ಲಿ ಕೂತಿರುತ್ತಿದ್ದಳು. ಹತ್ತನೇ ತಾರೀಕಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅದರ ಮೇಲೆ ಮಾತ್ರ ಬಡ್ಡಿ ಅಂತ ನೀವೇ ನನಗೆ ಹೇಳಿಕೊಟ್ಟಿದ್ದಿರಿ. ಪ್ರತಿದಿನದ ಲೆಕ್ಕ ಕೈಯಲ್ಲಿ ಹಾಕುವುದು ಯಾರಿಂದಲೂ ಆಗುತ್ತಿರಲಿಲ್ಲವಲ್ಲ. ಕಂಪ್ಯೂಟರ್ ಬಂದ ಮೇಲೆ ತಾನೇ 2010ರ ಏಪ್ರಿಲ್ 1ರಿಂದ ದಿನದ ಬಾಕಿಯ ಮೇಲೆ ಬಡ್ಡಿ ಕೊಡಲು ಶುರುವಾದದ್ದು? ಹನ್ನೊಂದನೇ ತಾರೀಕು ಸಂಬಳ ಹಾಕುತ್ತಿದ್ದ ಮೇಷ್ಟ್ರುಗಳಿಗೆ ಅಲ್ಲಿಯವರೆಗೆ ಆದ ನಷ್ಟದ ಬಗ್ಗೆ ನೀವು ಎಷ್ಟು ಸಲ ಹೇಳಿದ್ದೀರಿ!

ಲೆಜರ್ ಬರೆಯುವ ಎಎಲ್‌ಪಿಎಂ ಮಿಷನ್ ಬಂದಾಗ ಯೂನಿಯನ್‌ನವರು ಕಪ್ಪು ಬ್ಯಾಡ್ಜ್ ಹಾಕಿಸಿದ್ದರು, ನೀವೂ ಹಾಕಿಕೊಂಡಿದ್ದಿರಿ ಅಂತ ಅಮ್ಮ ಹೇಳುತ್ತಾಳೆ. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ರಂಗರಾಜನ್ ಸಮಿತಿ ವರದಿ ಕೊಟ್ಟಿದ್ದು 1984ರಲ್ಲಿ. ಎಲ್ಲ ಶಾಖೆಗಳನ್ನೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಸೇರಿಸುವ ಕೋರ್ ಬ್ಯಾಂಕಿಂಗ್ ನಿಮ್ಮ ಶಾಖೆಗೆ ಬಂದಿದ್ದು 2006ರಲ್ಲಿ. ಇಪ್ಪತ್ತೆರಡು ವರ್ಷ. ನಡುವೆ 2000–01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಜನ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡು ಹೊರಟರು. ರಾಮಣ್ಣ ಮಾವನೂ ಹೊರಟರು. ನೀವು ಹೊರಡಲಿಲ್ಲ. ನಲವತ್ತೇಳನೇ ವಯಸ್ಸಿನಲ್ಲಿ ದುರ್ಗಿಗುಡಿಯ ಕಂಪ್ಯೂಟರ್ ಕ್ಲಾಸಿಗೆ ನನಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗರ ಜೊತೆ ಹೋಗಿ ಕೂತಿರಿ. ಕೀಬೋರ್ಡಿನ ಚಿತ್ರ ಬರೆದುಕೊಂಡಿದ್ದ ನಿಮ್ಮ ಇನ್ನೂರು ಪುಟದ ನೋಟ್‌ಬುಕ್ ಈಗಲೂ ಅಟ್ಟದ ಮೇಲಿದೆ.

ಅವತ್ತು ನಿಮ್ಮ ಶಾಖೆಯಲ್ಲಿ ಯಾರನ್ನೂ ಕತ್ತು ಹಿಡಿದು ಹೊರಗೆ ಹಾಕಲಿಲ್ಲ. ನಿವೃತ್ತಿಯಾದವರ ಕುರ್ಚಿಗೆ ಹೊಸಬರು ಬರಲಿಲ್ಲ, ಅಷ್ಟೆ. ನೀವು ಸೇರಿದಾಗ ಇಪ್ಪತ್ನಾಲ್ಕು ಜನ, ನಿಮ್ಮ ಬೀಳ್ಕೊಡುಗೆಯ ಗ್ರೂಪ್ ಫೋಟೋದಲ್ಲಿ ಒಂಬತ್ತು ಜನ. ಕೆಲಸ ಹೋಗುವುದು ಅಂದರೆ ಹೆಚ್ಚಿನ ಕಡೆ ಹೀಗೇ. ಅದು ಪೇಪರಿನಲ್ಲಿ ಬರುವುದಿಲ್ಲ.

ನನ್ನ ಆಫೀಸಿನಲ್ಲೂ ಈಗ ಆಗುತ್ತಿರುವುದು ಅದೇ. ಕೆಂಪು ಇಂಕಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಗಾಬರಿಯಾಗಬೇಡಿ, ಪೂರ್ತಿ ಓದಿ. ನಾನು ಸೇರಿದಾಗ ಕೈಪಿಡಿ ಬರೆಯುವವರು ಏಳು ಜನ ಇದ್ದೆವು. ಈಗ ನಾಲ್ಕು. ಇಬ್ಬರು ನಿವೃತ್ತರಾದರು, ಒಬ್ಬಳು ಹೆರಿಗೆಗೆ ಹೋದವಳು ಬೇರೆ ಊರಿಗೆ ಹೋದಳು. ಮೂರೂ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ, ತಗೊಳ್ಳುವುದೂ ಇಲ್ಲ ಅಂತ ಆಗಸ್ಟಿನಲ್ಲಿ ಹೇಳಿದರು. ಅದನ್ನು ನಿಮಗೆ ಆಗಲೇ ಹೇಳಬೇಕಿತ್ತು. ಗಣೇಶ ಹಬ್ಬದ ಹೊತ್ತಿಗೆ ನಿಮ್ಮ ಮನಸ್ಸು ಕೆಡಿಸುವುದು ಬೇಡ ಅಂತ ಸುಮ್ಮನಾದೆ.

ನಮಗಿಂತ ಮೊದಲು ಪೆಟ್ಟು ಬಿದ್ದದ್ದು ಭಾಷಾಂತರದವರಿಗೆ. ನಮ್ಮ ಕೈಪಿಡಿಗಳು ಹದಿನೆಂಟು ಭಾಷೆಗಳಿಗೆ ಹೋಗುತ್ತವೆ. ಪೋಲಿಷ್ ಮಾಡುತ್ತಿದ್ದ ಹೆಂಗಸೊಬ್ಬರು ಪ್ರತಿ ಸಲವೂ ಹತ್ತು ಪ್ರಶ್ನೆ ಕೇಳಿ ಕಳಿಸುತ್ತಿದ್ದರು. ಈ ಬೋಲ್ಟನ್ನು ಯಾವ ಕಡೆಗೆ ತಿರುಗಿಸಬೇಕು ಅಂತ ನೀವು ಹೇಳಿಲ್ಲ, ಅಂತ. ಅವರ ಪ್ರಶ್ನೆಯಿಂದಲೇ ನನ್ನ ಎಷ್ಟೋ ತಪ್ಪು ಸಿಕ್ಕಿಬಿದ್ದಿವೆ. ಎರಡು ವರ್ಷದಿಂದ ಮಿಷನ್ ಮೊದಲು ಭಾಷಾಂತರ ಮಾಡುತ್ತದೆ, ಅವರು ಅದನ್ನು ತಿದ್ದಬೇಕು, ಪದಕ್ಕೆ ಕೊಡುವ ದರ ಮೊದಲಿನ ಅರ್ಧಕ್ಕೂ ಇಲ್ಲ. ಈ ವಸಂತದಲ್ಲಿ, ಇನ್ನು ಈ ಕೆಲಸ ಮಾಡುವುದಿಲ್ಲ, ಶಾಲೆಯೊಂದಕ್ಕೆ ಸೇರಿದ್ದೇನೆ ಅಂತ ಎರಡು ಸಾಲಿನ ಮೇಲ್ ಬಂತು. ಇಪ್ಪತ್ತು ವರ್ಷ ಆ ಕೆಲಸ ಮಾಡಿದವರು. ನಾನು ಮುಖ ನೋಡದೇ ಇದ್ದ ಆ ಹೆಂಗಸಿಗಾಗಿ ಅವತ್ತು ಮನಸ್ಸು ಬಹಳ ಭಾರವಾಯಿತು.

ನಮ್ಮ ಮನೆಯಲ್ಲೂ ಹೀಗೊಂದು ಆಗಿದೆ. ಅಡಿಕೆ ಸುಲಿಯುವ ಮಿಷನ್ ಬರುವ ಮುಂಚೆ ಸುಗ್ಗಿಯ ರಾತ್ರಿ ನಮ್ಮ ಅಂಗಳದಲ್ಲಿ ಹದಿನೈದು ಮೆಟ್ಟುಗತ್ತಿ ಸಾಲಾಗಿ ಇರುತ್ತಿದ್ದವು. ಗಿರಿಜಕ್ಕ ಎಲ್ಲರಿಗಿಂತ ಮುಂದೆ. ಮಾತಾಡುತ್ತಾ ಮಾತಾಡುತ್ತಾ ಕೈ ನೋಡದೆ ಸುಲಿಯುತ್ತಿದ್ದರು, ಡಬ್ಬದ ಲೆಕ್ಕದಲ್ಲಿ ಕೂಲಿ. ಬ್ಯಾಂಕಿಗೆ ಇಪ್ಪತ್ತೆರಡು ವರ್ಷ ಹಿಡಿಯಿತು, ಅವರಿಗೆ ಮೂರೇ ಸುಗ್ಗಿ. ಅವರಿಗೆ ಯೂನಿಯನ್ ಇರಲಿಲ್ಲ, ವಿಆರ್‌ಎಸ್ ಇರಲಿಲ್ಲ. ಗಿರಿಜಕ್ಕ ಈಗ ಒಣಗಿದ ಅಡಿಕೆಯಲ್ಲಿ ಕಡಿಮೆ ದರ್ಜೆಯ ಗೊರಬಲು ಆರಿಸುವುದಕ್ಕೆ ಬರುತ್ತಾರೆ ನಿಜ. ಆದರೆ ಹದಿನೈದು ಜನರಲ್ಲಿ ಆರಿಸುವುದಕ್ಕೆ ಬರುವವರು ಮೂರು ಜನ. ಮಿಕ್ಕ ಹನ್ನೆರಡು ಜನ ಎಲ್ಲಿಗೆ ಹೋದರು ಅಂತ ನಾವು ವಿಚಾರಿಸಲಿಲ್ಲ. ಈಗ ನನ್ನ ಸರದಿ ಹತ್ತಿರ ಬಂದಾಗ ಅವರ ನೆನಪಾಗುತ್ತಿದೆ, ಅದು ನನಗೆ ಸರಿ ಕಾಣುತ್ತಿಲ್ಲ. ಅಮ್ಮ, ಗಿರಿಜಕ್ಕನಿಗೆ ಈ ಪೊಟ್ಟಣದಲ್ಲಿರುವ ನೀಲಿ ಶಾಲು ಕೊಡು. ಮರೆಯಬೇಡ.

ಬೇಗ ಬದಲಾಗುತ್ತದೋ ನಿಧಾನವೋ ಅನ್ನುವುದು ಮಿಷನ್ ಎಷ್ಟು ಜಾಣ ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ. ತಪ್ಪಾದರೆ ಯಾರು ಹೊಣೆ ಅನ್ನುವುದರ ಮೇಲೂ ನಿಂತಿದೆ. ವೋಚರಿಗೆ ಇನಿಷಿಯಲ್ ಹಾಕಿದವನೇ ಜವಾಬ್ದಾರ ಅಂತ ನೀವು ಹೇಳುತ್ತಿದ್ದಿರಲ್ಲ. ನ್ಯೂಯಾರ್ಕಿನಲ್ಲಿ 2023ರಲ್ಲಿ ವಕೀಲರಿಬ್ಬರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಹಾಗೇ ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿದ್ದದ್ದು ವಕೀಲರಿಗೆ. ನನಗೂ ಹೋದ ತಿಂಗಳು ಒಂದು ಅನುಭವವಾಯಿತು. ಗಾಳಿಯ ಒತ್ತಡದಿಂದ ನಡೆಯುವ ಪ್ಯಾಕಿಂಗ್ ಮಿಷನ್ನಿನ ಕೈಪಿಡಿಗೆ ಎಐ ಬರೆದುಕೊಟ್ಟ ಕರಡು ಭಾಷೆಯಲ್ಲಿ ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ಅದರಲ್ಲಿ ಮೊದಲು ಮುಚ್ಚಳ ತೆಗೆಯಿರಿ, ಆಮೇಲೆ ಒಳಗಿನ ಗಾಳಿ ಬಿಡಿ ಅಂತ ಇತ್ತು. ಹಾಗೆ ಮಾಡಿದರೆ ಮುಚ್ಚಳ ತೆಗೆದವನ ಬೆರಳು ಹೋಗುತ್ತದೆ. ಐದು ವರ್ಷದ ಹಿಂದೆ ವರ್ಕ್‌ಶಾಪಿನ ಹಳೆಯ ಫಿಟ್ಟರ್ ಒಬ್ಬರು ನನ್ನ ಕೈ ಹಿಡಿದು ಆ ಸಿಲಿಂಡರಿನ ಹತ್ತಿರ ನಿಲ್ಲಿಸಿ ತೋರಿಸಿದ್ದರು. ಅದಕ್ಕೇ ನನಗೆ ಕಣ್ಣಿಗೆ ಬಿತ್ತು. ಆ ಕೈಪಿಡಿಯ ಮೇಲೆ ಈಗ ನನ್ನ ಇನಿಷಿಯಲ್ ಇದೆ. ನನ್ನ ಕೆಲಸ ಸದ್ಯಕ್ಕೆ ಗಟ್ಟಿ ಅಂತ ನಾನು ಹೇಳುವುದು ಅದೇ ಧೈರ್ಯದ ಮೇಲೆ.

ಆದರೆ ನನ್ನ ನಂತರ ಬರುವ ಹುಡುಗಿಯನ್ನು ಆ ಸಿಲಿಂಡರಿನ ಹತ್ತಿರ ನಿಲ್ಲಿಸುವವರು ಯಾರು? ಆ ಹುಡುಗಿಯನ್ನು ತಗೊಳ್ಳುವುದನ್ನೇ ನಿಲ್ಲಿಸಿದ್ದಾರೆ. ನನ್ನ ನಿಜವಾದ ಹೆದರಿಕೆ ಇದು. ಆದ್ದರಿಂದ ಕೊಪ್ಪದ ಹುಡುಗನಿಗಿಂತ ನನಗೆ ಚಿಂತೆ ನಮ್ಮ ಶರತ್‌ನದು. 2024ರಲ್ಲಿ ಬಿಇ ಮುಗಿಸಿದ ಹುಡುಗ ಇನ್ನೂ ಮನೆಯಲ್ಲಿದ್ದಾನೆ ಅಂತ ಚಿಕ್ಕಪ್ಪ ಎಲ್ಲರೆದುರು ಬೈಯುತ್ತಾರಂತೆ. ದಯವಿಟ್ಟು ಚಿಕ್ಕಪ್ಪನಿಗೆ ಈ ಪುಟ ಓದಿ ಹೇಳಿ. ಅಮೆರಿಕದ ಸ್ಟ್ಯಾನ್‌ಫರ್ಡಿನವರು ಲಕ್ಷಾಂತರ ಜನರ ಸಂಬಳದ ಪಟ್ಟಿ ನೋಡಿ ಆಗಸ್ಟಿನಲ್ಲಿ ಒಂದು ವರದಿ ತಂದರು. ಎಐ ಹೆಚ್ಚು ಮಾಡಬಲ್ಲ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ, ಬೇರೆ ಕೆಲಸದವರಿಗೆ ಹೋಲಿಸಿದರೆ, ಶೇಕಡಾ 13ರಷ್ಟು ಇಳಿದಿದೆ. ಅದೇ ಕೆಲಸದ ಹಿರಿಯರದು ಹಾಗೆ ಇಳಿದಿಲ್ಲ. ಅದು ಅಮೆರಿಕದ ಲೆಕ್ಕ, ನಮ್ಮದಲ್ಲ. ಆದರೂ ಶರತ್ ಸೋಮಾರಿಯಲ್ಲ. ಏಣಿಯ ಕೆಳಗಿನ ಮೆಟ್ಟಿಲು ತೆಗೆದಿಟ್ಟು, ಹತ್ತಲಿಲ್ಲ ಅಂತ ಮಗುವನ್ನು ಬೈಯಬಾರದು. ಅವನು ಸಣ್ಣ ಸಂಬಳಕ್ಕಾದರೂ ಸರಿ, ಕಾರ್ಖಾನೆಯೋ ಆಸ್ಪತ್ರೆಯೋ, ನಿಜವಾದ ಕೆಲಸ ನಡೆಯುವ ಕಡೆ ಸೇರಲಿ, ಅಲ್ಲಿನ ಕಸುಬು ಕಲಿಯಲಿ. ಅವನ ಹತ್ತಿರ ನಾನೇ ಮಾತಾಡುತ್ತೇನೆ, ಭಾನುವಾರ ನಿಮ್ಮ ಸಮಯ ಏಳು ಗಂಟೆಗೆ.

ಅಂದಹಾಗೆ ಅಮ್ಮ, ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿದೆ. ಅಕ್ಟೋಬರ್ ಕೊನೆಯ ಭಾನುವಾರ ಇಡೀ ದೇಶವೇ ತಿರುಗಿಸಿಕೊಳ್ಳುತ್ತದೆ. ಈಗ ನಮಗೂ ನಿಮಗೂ ನಾಲ್ಕೂವರೆ ಗಂಟೆ ಅಂತರ. ನೀನು ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡಿದರೆ ಇಲ್ಲಿ ನಡುರಾತ್ರಿ. ಈ ವಾರ ನಮ್ಮ ಮನೆಗೆ ಕೇರ್‌ವೊಖೆ. ಅಂದರೆ ಗುಡಿಸುವ ವಾರ. ಬಾಗಿಲಿಗೆ ಒಂದು ಬೋರ್ಡು ನೇತುಹಾಕಿ ಹೋಗುತ್ತಾರೆ, ಆ ವಾರ ಇಡೀ ಕಟ್ಟಡದ ಮೆಟ್ಟಿಲು, ಮುಂದಿನ ಹಾದಿ ನಾವೇ ಗುಡಿಸಬೇಕು. ಬೆಂಜ್ ಕಾರು ಮಾಡುವ ಊರಿನಲ್ಲಿ ಇಂಜಿನಿಯರ್ ಡಾಕ್ಟರ್ ಯಾರೂ ತಪ್ಪಿಸುವ ಹಾಗಿಲ್ಲ. ಪ್ರಸಾದ್ ಎಲೆ ಗುಡಿಸುವುದು ನೋಡಿ ಕೆಳಗಿನ ಮನೆಯ ಅಜ್ಜಿ "ಚೆನ್ನಾಗಿ ಗುಡಿಸುತ್ತಾನೆ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ದಿನಾ ಅಂಗಳ ಗುಡಿಸಿ ಸಾರಿಸಿದ ಮನೆಯಿಂದ ಬಂದವರು ನಾವು ಅಂತ ಹೇಳಿದೆ. ಇನ್ನೊಂದು ಕೇಳು. ಇಳಾಳ ಡಾಕ್ಟರಿಗೆ ಏನಾದರೂ ಕಾಗದ ಕಳಿಸಬೇಕಾದರೆ ಈಗಲೂ ಫ್ಯಾಕ್ಸ್! ಆಫೀಸಿನಲ್ಲಿ ಎಐ, ದವಾಖಾನೆಯಲ್ಲಿ ಫ್ಯಾಕ್ಸ್, ಎರಡೂ ಒಂದೇ ರಸ್ತೆಯಲ್ಲಿ. ಹೊಸದು ಬಂದ ದಿನವೇ ಹಳೆಯದು ಹೋಗುವುದಿಲ್ಲ ಅಂತ ಅಪ್ಪಯ್ಯನಿಗೆ ಹೇಳು.

ಈಗ ನೀವು ಬೈಯಬಹುದಾದ ವಿಷಯ. ಸಹನಾಳ ಹತ್ತಿರ ನಂಬರ್ ತಗೊಂಡು ಶುಕ್ರವಾರ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. ಹಿರಿಯರಿಗೆ ಹೇಳದೆ ಹೀಗೆ ಮಾಡಬಾರದು ಅಂತ ಗೊತ್ತು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಪೇಪರಿನಲ್ಲಿ ಇಲ್ಲ, ಅವನ ಹತ್ತಿರ ಇದೆ. ಒಂದು ಗಂಟೆ ಮಾತಾಡಿದೆವು. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ಅವನ ಕೆಲಸ, ಎಂಟು ವರ್ಷದಿಂದ. ನಾನು ನೇರವಾಗಿಯೇ ಕೇಳಿದೆ. ಅವನು ಜಂಭ ಕೊಚ್ಚಲಿಲ್ಲ. "ಅಕ್ಕ, ನಾನು ಮೊದಲು ಕೈಯಲ್ಲಿ ಬರೆಯುತ್ತಿದ್ದ ಟೆಸ್ಟುಗಳಲ್ಲಿ ಮುಕ್ಕಾಲು ಪಾಲು ಈಗ ಎಐ ಬರೆಯುತ್ತದೆ. ಆಸ್ಪತ್ರೆಯಲ್ಲಿ ರೋಗಿ ಡಿಸ್ಚಾರ್ಜ್ ಆಗುವಾಗ ಕೌಂಟರಿನಲ್ಲಿ ಏನೇನು ಎಡವಟ್ಟಾಗುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ನೋಡಲು ನಾನು ತಿಂಗಳಿಗೆರಡು ದಿನ ಆಸ್ಪತ್ರೆಯ ಕೌಂಟರಿನಲ್ಲೇ ಕೂರುತ್ತೇನೆ. ಐದು ವರ್ಷದ ಗ್ಯಾರಂಟಿ ಕೊಡಲಾರೆ" ಅಂದ. ಇದೇ ಕಾರಣಕ್ಕೆ ಬೆಂಗಳೂರಿನಲ್ಲಿ ಫ್ಲ್ಯಾಟಿಗೆ ಸಾಲ ಮಾಡಿಲ್ಲವಂತೆ. ಊರಿನ ಮೂರು ಎಕರೆ ಅಣ್ಣ ನೋಡಿಕೊಳ್ಳುತ್ತಾನೆ, ಸುಗ್ಗಿಗೆ ಹದಿನೈದು ದಿನ ರಜೆ ಹಾಕಿ ಇವನೇ ಅಡಿಕೆ ಬೇಯಿಸುವುದಕ್ಕೆ ನಿಲ್ಲುತ್ತಾನಂತೆ. ಬಣ್ಣಕ್ಕೆ ಚೊಗರು ಎಷ್ಟು ಹಾಕುತ್ತೀರಿ ಅಂತ ಪರೀಕ್ಷೆಗೆಂದೇ ಕೇಳಿದೆ. ಸರಿಯಾಗಿ ಹೇಳಿದ.

ಗ್ಯಾರಂಟಿ ಕೊಡುವ ಹುಡುಗನಿಗಿಂತ, ಕೊಡಲಾರೆ ಅಂತ ಹೇಳಿ ಸಾಲ ಮಾಡದೆ ಇರುವ ಹುಡುಗ ನನಗೆ ಮೇಲು ಅನಿಸಿತು. ನಲವತ್ತೇಳಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋದ ನಿಮಗೂ ಅವನು ಹಿಡಿಸುತ್ತಾನೆ.

ಇನ್ನೊಂದು ಮಾತು. ಹುಡುಗನ ಕೆಲಸದ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಸಹನಾಳ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಅವಳು ಕೂರುವುದೂ ಆಡಿಟರ್ ಆಫೀಸಿನಲ್ಲೇ. ಜಿಎಸ್‌ಟಿ ರಿಟರ್ನ್ ಅನ್ನುವ ಅವಳ ಕೆಲಸ 2017ರ ಜುಲೈಗೆ ಮೊದಲು ಇರಲೇ ಇಲ್ಲ. ಹೊಸದೂ ಹೀಗೆ ಹುಟ್ಟುತ್ತದೆ. ಬಿಲ್ಲಿನ ಫೋಟೋ ತೆಗೆದರೆ ಎಂಟ್ರಿ ತಾನೇ ಆಗುವ ಸಾಫ್ಟ್‌ವೇರು ಅವರ ಆಫೀಸಿಗೂ ಬಂದಿದೆಯಂತೆ. ಆದರೆ ಇಲಾಖೆಯ ನೋಟಿಸ್ ಹಿಡಿದುಕೊಂಡು ಬೆವರುತ್ತಾ ಬಂದು ಕೂರುವ ಅಡಿಕೆ ವ್ಯಾಪಾರಿಗೆ ಸಮಾಧಾನ ಹೇಳಿ, ಚೀಲದಲ್ಲಿನ ಚೀಟಿಗಳನ್ನು ಬಿಡಿಸಿ, ಇದು ಸಾಲ, ಇದು ಮಾರಾಟ ಅಂತ ಬೇರೆ ಮಾಡುವವಳು ಅವಳೇ. ಇಬ್ಬರೂ ದುಡಿಯುವ ಮನೆಗೆ ಒಬ್ಬರ ಕೆಲಸ ಆರು ತಿಂಗಳು ನಿಂತರೂ ಒಲೆ ಉರಿಯುತ್ತದೆ. ಮದುವೆಯಾದ ಮೇಲೆ ಅವಳು ಕೆಲಸ ಬಿಡಬೇಕು ಅನ್ನುವ ಮಾತನ್ನು ನಮ್ಮ ಕಡೆಯಿಂದ ಯಾರೂ ಎತ್ತಬಾರದು, ಅತ್ತೆಯೂ ಎತ್ತಬಾರದು. ಮತ್ತೆ ಅವಳಿಗೆ ಅವನು ಇಷ್ಟವಾಗಿದ್ದಾನೆ. ನಿಮ್ಮೆದುರು ಹೇಳಲಾರಳು. ನೀವಾಗಿಯೇ ಕೇಳಿ.

ನನ್ನ ಬಗ್ಗೆ ಚಿಂತೆ ಬೇಡವೇ ಬೇಡ. ಮೇಲಿನ ತೋಟ ಮಾರಿ ನನ್ನ ಸಾಲ ತೀರಿಸುವ ಮಾತನ್ನು ಇನ್ನೊಮ್ಮೆ ಬರೆಯಬೇಡಿ. ಸಂಬಳ ತಿಂಗಳ ಕೊನೆಗೆ ಸರಿಯಾಗಿ ಬರುತ್ತಿದೆ. ಇಲ್ಲಿ ಐದು ವರ್ಷ ದಾಟಿದವರನ್ನು ತೆಗೆಯಬೇಕಾದರೆ ಕಾನೂನಿನ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು, ಅದಕ್ಕೂ ಮೊದಲು ನೌಕರರ ಸಮಿತಿಯ ಅಭಿಪ್ರಾಯ ಕೇಳಬೇಕು. ಅಷ್ಟಾಗಿಯೂ ಹೋದರೆ, ಮಗು ಇರುವವರಿಗೆ ಕೈಗೆ ಬರುತ್ತಿದ್ದ ಸಂಬಳದ ಶೇಕಡಾ 67ರಷ್ಟು ಒಂದು ವರ್ಷ ಬರುತ್ತದೆ. ನಮಗೆ ಕಾಯಂ ಪರವಾನಗಿ ಸಿಕ್ಕಿರುವುದರಿಂದ ವೀಸಾ ತೊಂದರೆಯೂ ಇಲ್ಲ. ಪ್ರಸಾದ್ ಕೆಲಸ ಗಟ್ಟಿಯಾಗಿದೆ. ನಾನೂ ಜನವರಿಯಿಂದ ಮಿಷನ್ ಸುರಕ್ಷತೆಯ ಕೋರ್ಸಿಗೆ ಸೇರುತ್ತಿದ್ದೇನೆ, ವಾರಕ್ಕೆರಡು ಸಂಜೆ. ನಿಜವಾಗಿ ಏನೂ ತೊಂದರೆ ಇಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಬಿಪಿ ಮಾತ್ರೆ ತಪ್ಪಿಸಬೇಡಿ. ಏನೂ ತೊಂದರೆ ಇಲ್ಲ.

ಕೊಪ್ಪದವರಿಗೆ ಧನುರ್ಮಾಸ ಶುರುವಾಗುವ ಮೊದಲು ಫೋನ್ ಮಾಡಿ. ನಾಳೆಯೇ ಮಾಡಿದರೆ ಇನ್ನೂ ಒಳ್ಳೆಯದು.

ಬೆಲ್ ಆಯಿತು, ಆ ಹುಡುಗಿ ಬಂದಳು. ಅಮ್ಮ, ಅವಳು ವಾಪಸ್ ಬರುವಾಗ ಅಪ್ಪೆಮಿಡಿ ಕೊಟ್ಟು ಕಳಿಸು, ಚಿಕ್ಕ ಡಬ್ಬ ಸಾಕು, ಎರಡು ಕವರ್ ಸುತ್ತು. ಇಳಾಳ ಫೋಟೋ ಒಳಗಿದೆ. ಅಜ್ಜಿಗೆ ನಮಸ್ಕಾರ ಹೇಳಿ.

ನಿಮ್ಮ
ಸುಮಾ

ಮೂರನೇ ಪುಟದ ಫೋಟೋ ಮರೆಯದೆ ಕಳಿಸಲು ಹೇಳಿ. ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು?